ಮಲಗಿಸಿದ ಕುದುರೆಗೆ ಎಷ್ಟು ಬಾಟಲಿ ಬೇಕು?

ಐನೂರು ಕಿಲೋ ತೂಕದ ಕುದುರೆ, ಮೂರು ಗಂಟೆಯ ಆಪರೇಷನ್. ಕಿಲೋ ತೂಕಕ್ಕೆ ಗಂಟೆಗೆ 10 ಮಿಲಿಲೀಟರ್ ಎಂಬ ಹಳೆಯ ಲೆಕ್ಕ ಹಿಡಿದು ಡ್ರಿಪ್ ಹಾಕಿದರೆ ಒಟ್ಟು 15 ಲೀಟರ್ ಆಗುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಅರ್ಧ ಲೀಟರಿನ ಬಾಟಲಿಗಳಲ್ಲಿ ಎಣಿಸಿದರೆ ಮೂವತ್ತು. ಆರು ನಿಮಿಷಕ್ಕೊಂದು ಬಾಟಲಿ ಬದಲಿಸಲು ಒಬ್ಬರು ಅಲ್ಲೇ ನಿಂತಿರಬೇಕು. ಈ 15 ಲೀಟರ್ ಕುದುರೆಗೆ ನಿಜವಾಗಿ ಬೇಕೇ ಎಂದು ಅರಿವಳಿಕೆ ತಜ್ಞರು ತಮ್ಮತಮ್ಮಲ್ಲಿ ವಾದ ಮಾಡುತ್ತಲೇ ಬಂದಿದ್ದರು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಆ ವಾದ ಸೆಮಿನಾರು ಕೋಣೆಯಿಂದ ಎದ್ದು ಆಸ್ಪತ್ರೆಯ ಗೋದಾಮಿಗೆ ಬಂತು.

ಆಗ ಹೆಲೀನ್ ಚಂಡಮಾರುತ ಅಮೆರಿಕದ ಆಗ್ನೇಯ ಭಾಗವನ್ನು ಹೊಡೆದು, ನಾರ್ತ್ ಕ್ಯಾರೊಲಿನಾದ ಮೇರಿಯನ್ ಬಳಿ ಇರುವ ಬ್ಯಾಕ್ಸ್‌ಟರ್ ಕಂಪನಿಯ ಕಾರ್ಖಾನೆಗೆ ನೆರೆನೀರು ನುಗ್ಗಿತು. ಅಮೆರಿಕದ ಆಸ್ಪತ್ರೆಗಳು ಬಳಸುವ ಡ್ರಿಪ್ ದ್ರಾವಣಗಳಲ್ಲಿ ಸುಮಾರು ಶೇ 60ರಷ್ಟು ತಯಾರಾಗುತ್ತಿದ್ದದ್ದು ಆ ಒಂದೇ ಜಾಗದಲ್ಲಿ. ಸಲೈನ್, ರಿಂಗರ್ಸ್ ಲ್ಯಾಕ್ಟೇಟ್ ಎಲ್ಲವೂ ಪಡಿತರದಂತೆ ಅಳೆದು ಹಂಚುವ ಸರಕಾದವು. ಮನುಷ್ಯರ ಆಸ್ಪತ್ರೆಗಳೇ ಆಪರೇಷನ್ ಮುಂದೂಡುತ್ತಿದ್ದಾಗ ಪಶುವೈದ್ಯರ ಸರದಿ ಎಲ್ಲಿ ಬರಬೇಕು? ಒಂದು ನಾಯಿಗೆ ಒಂದು ಚೀಲ ಹೊಂದಿಸಬಹುದು, ಕುದುರೆಗೆ ಹಾಗಾಗುವುದಿಲ್ಲ. ಯಾವ ಕುದುರೆಗೆ ಕೊಡಲೇಬೇಕು, ಯಾವುದಕ್ಕೆ ಬರೀ ಅಭ್ಯಾಸಬಲದಿಂದ ಕೊಡುತ್ತಿದ್ದೇವೆ ಎಂದು ವಿಂಗಡಿಸುವುದು ಅನಿವಾರ್ಯವಾಯಿತು.

ಅದಾಗಿ ಎರಡು ತಿಂಗಳೊಳಗೆ ನಮ್ಮ ರಾಜ್ಯದಲ್ಲೂ ಇದೇ ದ್ರಾವಣದ ಹೆಸರು ಪತ್ರಿಕೆಗಳ ಮುಖಪುಟಕ್ಕೆ ಬಂತು, ಬೇರೆಯದೇ ಕಾರಣಕ್ಕೆ. ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ರಿಂಗರ್ಸ್ ಲ್ಯಾಕ್ಟೇಟ್ ಬಾಟಲಿಗಳ ಮೇಲೆ ಬಿತ್ತು. ಒಂದು ಕಂಪನಿಯ ದ್ರಾವಣದ ಬಳಕೆಯನ್ನು ಸರ್ಕಾರ ನಿಲ್ಲಿಸಿತು. ಅಲ್ಲಿ ಪ್ರಶ್ನೆ ಗುಣಮಟ್ಟದ್ದು, ಅಮೆರಿಕದಲ್ಲಿ ಪೂರೈಕೆಯದ್ದು. ಆದರೂ ಎರಡೂ ಕಡೆ ಒಂದು ಮಾತು ಸ್ಪಷ್ಟವಾಯಿತು. ಉಪ್ಪುನೀರಿನಂತೆ ಕಾಣುವ ಈ ಬಾಟಲಿ ಔಷಧವೇ. ಅದಕ್ಕೂ ಒಂದು ಡೋಸ್ ಇದೆ, ಅದು ಹೆಚ್ಚಾದರೆ ತೊಂದರೆಯೂ ಇದೆ.

ನಾನು ಇಲ್ಲಿ ಹೇಳಹೊರಟಿರುವುದು ಇಷ್ಟೇ. ಆರೋಗ್ಯವಾಗಿರುವ ಕುದುರೆಯನ್ನು ಕೀಲಿನ ಆಪರೇಷನ್ನಿಗೋ ಬೀಜ ತೆಗೆಯುವುದಕ್ಕೋ ಮಲಗಿಸಿದಾಗ ಅದರ ರಕ್ತದೊತ್ತಡ ಇಳಿಯುವುದು ನೀರು ಕಡಿಮೆಯಾಗಿ ಅಲ್ಲ. ಹಾಗಾಗಿ ನೀರು ಸುರಿದು ಅದನ್ನು ಏರಿಸಲು ಹೋಗುವುದು ಹೆಚ್ಚಿನ ಸಲ ವ್ಯರ್ಥ, ಕೆಲವು ಸಲ ಹಾನಿಕರ. ಹೊಟ್ಟೆಶೂಲೆಯಿಂದ ಬಂದ ಕುದುರೆಯ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಈ ಎರಡಕ್ಕೂ ಒಂದೇ ಲೆಕ್ಕ ಹಾಕುವುದರಲ್ಲೇ ಎಡವಟ್ಟು ಶುರುವಾಗುತ್ತದೆ.

ಮೊದಲು, ರಕ್ತದೊತ್ತಡಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವುದೇಕೆ ಎಂಬುದು ಗೊತ್ತಾಗಬೇಕು. ಕುದುರೆಗೆ ಪೂರ್ಣ ಅರಿವಳಿಕೆ ಕೊಡುವುದು ಇವತ್ತಿಗೂ ಅಪಾಯದ ಕೆಲಸ. ಬ್ರಿಟನ್ನಿನಿಂದ ನಡೆದ ಸೆಪೆಫ್ ಎಂಬ ದೊಡ್ಡ ಸಮೀಕ್ಷೆ 41,000ಕ್ಕೂ ಹೆಚ್ಚು ಕುದುರೆಗಳ ದಾಖಲೆ ಕಲೆಹಾಕಿ 2002ರಲ್ಲಿ ಲೆಕ್ಕ ಕೊಟ್ಟಿತು: ಅರಿವಳಿಕೆ ಕೊಟ್ಟ ಏಳು ದಿನದೊಳಗೆ ಸತ್ತವು ಶೇ 1.9. ಹೊಟ್ಟೆಶೂಲೆಯ ಪ್ರಕರಣಗಳನ್ನು ಬಿಟ್ಟರೆ ಶೇ 0.9, ಅಂದರೆ ನೂರಕ್ಕೆ ಹೆಚ್ಚುಕಡಿಮೆ ಒಂದು. ಅದೇ ಸಮೀಕ್ಷೆಯ ನಾಲ್ಕನೇ ಸುತ್ತಿನ ಆರಂಭಿಕ ಫಲಿತಾಂಶ 2021ರಲ್ಲಿ ಬಂದಾಗ ಇದು ಶೇ 0.6ಕ್ಕೆ ಇಳಿದಿತ್ತು, ಹೊಟ್ಟೆಶೂಲೆಯದು ಶೇ 3.4 ಇತ್ತು. ಸುಧಾರಣೆ ಹೌದು. ಆದರೆ ಮನುಷ್ಯರಲ್ಲಿ ಅರಿವಳಿಕೆಯಿಂದಾಗುವ ಸಾವು ಸಾವಿರಕ್ಕೆ ಒಂದಕ್ಕಿಂತಲೂ ಎಷ್ಟೋ ಕಡಿಮೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಅಂತರ ಎಷ್ಟೆಂದು ತಿಳಿಯುತ್ತದೆ. 2002ರ ಲೆಕ್ಕದಲ್ಲಿ ಸತ್ತವುಗಳ ಪೈಕಿ ಸುಮಾರು ಮೂರನೇ ಒಂದು ಭಾಗ ಹೃದಯ ನಿಂತು ಅಥವಾ ರಕ್ತಪರಿಚಲನೆ ಕುಸಿದು ಸತ್ತಿದ್ದವು. ಇನ್ನೊಂದು ಮೂರನೇ ಭಾಗಕ್ಕೆ ಕಾರಣ, ಎಚ್ಚರವಾಗಿ ಏಳುವಾಗ ಮುರಿದುಕೊಂಡ ಕಾಲು ಅಥವಾ ಕೆಟ್ಟುಹೋದ ಸ್ನಾಯು.

ಸ್ನಾಯು ಕೆಡುವುದು ಕುದುರೆಯ ಗಾತ್ರದ ಶಾಪ. ಪಕ್ಕಕ್ಕೆ ಮಲಗಿಸಿದಾಗ ಕೆಳಗಿನ ಭುಜ, ತೊಡೆಗಳ ಮೇಲೆ ಅರ್ಧ ಟನ್ ಭಾರ ಗಂಟೆಗಟ್ಟಲೆ ಕೂರುತ್ತದೆ. ಒತ್ತಿಹೋದ ಸ್ನಾಯುವಿನೊಳಗೆ ರಕ್ತ ನುಗ್ಗಬೇಕಾದರೆ ಹಿಂದಿನಿಂದ ತಳ್ಳುವ ಒತ್ತಡ ಬೇಕು. ಅಪಧಮನಿಯ ಸರಾಸರಿ ಒತ್ತಡ ಪಾದರಸದ 60 ಮಿಲಿಮೀಟರಿನ ಆಸುಪಾಸಿನಲ್ಲಿ ಹೆಚ್ಚು ಹೊತ್ತು ನಿಂತರೆ ಸ್ನಾಯು ಊದಿಕೊಂಡು ಕಲ್ಲಾಗುತ್ತದೆ ಎಂಬುದು 1980ರ ದಶಕದಲ್ಲಿ ಹ್ಯಾಲೋಥೇನ್ ಎಂಬ ಅರಿವಳಿಕೆ ಅನಿಲ ಕೊಟ್ಟು ಮಲಗಿಸಿದ ಕುದುರೆಗಳಲ್ಲಿ ಸಾಬೀತಾಯಿತು. 70ಕ್ಕಿಂತ ಕೆಳಗೆ ಬಿಡಬೇಡಿ ಎಂಬ ಇಂದಿನ ಸೂತ್ರ ಬಂದದ್ದು ಅಲ್ಲಿಂದ.

ಇಲ್ಲಿ ಒಂದು ಸಣ್ಣ ಅಡ್ಡಮಾತು. ಜಗತ್ತಿನಲ್ಲಿ ರಕ್ತದೊತ್ತಡವನ್ನು ಮೊದಮೊದಲು ಅಳೆದ ಪ್ರಾಣಿಗಳಲ್ಲಿ ಕುದುರೆಯೂ ಒಂದು. ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ಪಾದ್ರಿ ಒಂದು ಹೆಣ್ಣುಕುದುರೆಯನ್ನು ಕಟ್ಟಿ ಮಲಗಿಸಿ, ತೊಡೆಯ ಅಪಧಮನಿಗೆ ಹಿತ್ತಾಳೆಯ ಕೊಳವೆ ತೂರಿಸಿ, ಅದಕ್ಕೆ ಒಂಬತ್ತು ಅಡಿ ಉದ್ದದ ಗಾಜಿನ ನಳಿಗೆ ಜೋಡಿಸಿದ್ದ. ರಕ್ತ 8 ಅಡಿ 3 ಅಂಗುಲ ಎತ್ತರಕ್ಕೆ ಏರಿತೆಂದು 1733ರಲ್ಲಿ ಬರೆದ. ಇಂದಿನ ಅಳತೆಯಲ್ಲಿ ಪಾದರಸದ 190 ಮಿಲಿಮೀಟರಿಗೂ ಹೆಚ್ಚು. ಅರಿವಳಿಕೆಯಿಲ್ಲದೆ ಕಟ್ಟಿಹಾಕಿದ ಪ್ರಾಣಿಯ ಭಯವೂ ನೋವೂ ಅದರಲ್ಲಿ ಸೇರಿತ್ತು. ಅದೇ ನಳಿಗೆಯನ್ನು ಇವತ್ತು ಆಪರೇಷನ್ ಮೇಜಿನ ಮೇಲಿರುವ ಕುದುರೆಗೆ ಜೋಡಿಸಿ, ನಾವು ಕಾಪಾಡಲು ಒದ್ದಾಡುವ 70ರ ಒತ್ತಡ ನೋಡಿದರೆ ರಕ್ತ ಮೂರಡಿ ಏರಿ ನಿಂತುಬಿಡುತ್ತದೆ.

ಎಚ್ಚರದಲ್ಲಿ ಚೆನ್ನಾಗಿದ್ದ ಒತ್ತಡ ಮಲಗಿದೊಡನೆ ಯಾಕೆ ಬೀಳುತ್ತದೆ? ಐಸೋಫ್ಲುರೇನ್, ಸೆವೋಫ್ಲುರೇನ್‌ನಂಥ ಅನಿಲಗಳು ರಕ್ತನಾಳಗಳನ್ನು ಸಡಿಲಗೊಳಿಸುತ್ತವೆ, ಹೃದಯದ ಬಡಿತದ ಬಲವನ್ನೂ ತಗ್ಗಿಸುತ್ತವೆ. ಬೆನ್ನ ಮೇಲೆ ಮಲಗಿಸಿದರೆ ಕರುಳಿನ ಭಾರವೆಲ್ಲ ಹೃದಯಕ್ಕೆ ರಕ್ತ ತರುವ ಮಹಾಸಿರೆಯ ಮೇಲೆ ಬೀಳುತ್ತದೆ. ವೆಂಟಿಲೇಟರ್ ಎದೆಗೆ ಗಾಳಿ ತುಂಬಿದಾಗಲೆಲ್ಲ ಹೃದಯಕ್ಕೆ ಮರಳುವ ರಕ್ತ ಇನ್ನಷ್ಟು ಕುಗ್ಗುತ್ತದೆ. ಇವುಗಳಲ್ಲಿ ಯಾವುದೂ ನೀರಿನ ಕೊರತೆಯಲ್ಲ. ಆಪರೇಷನ್ನಿಗೆ ಮುಂಚೆ ಕುದುರೆಗೆ ಮೇವನ್ನು ಕೆಲವು ಗಂಟೆ ನಿಲ್ಲಿಸುತ್ತಾರಷ್ಟೆ. ನೀರಿನ ಬಕೆಟ್ಟು ಮಂಪರಿನ ಇಂಜೆಕ್ಷನ್ ಕೊಡುವವರೆಗೂ ಲಾಯದಲ್ಲೇ ಇರುತ್ತದೆ. ಅದರ ಮೈಯಲ್ಲಿ ಸುಮಾರು 40 ಲೀಟರ್ ರಕ್ತ ಇದೆ. ಓಟದ ಥರೋಬ್ರೆಡ್ ಆದರೆ ಇನ್ನೂ ಹೆಚ್ಚು. ಬೆಂಗಳೂರಿನವರಿಗೆ ಹೇಳುವುದಾದರೆ, ಮೋಟಾರು ಸೋತು ಪೈಪು ಅಗಲವಾದಾಗ ಸಂಪಿಗೆ ಇನ್ನೊಂದು ಟ್ಯಾಂಕರ್ ನೀರು ಬಿಟ್ಟರೆ ಮೂರನೇ ಮಹಡಿಯ ನಲ್ಲಿ ಜೋರಾಗಿ ಸುರಿಯುವುದಿಲ್ಲ.

ಮೋಟಾರಿಗೆ ಬೇಕಾದದ್ದು ಡೋಬ್ಯುಟಮಿನ್. ಹೃದಯದ ಸಂಕೋಚನಕ್ಕೆ ಬಲ ತುಂಬುವ ಔಷಧ. ಕುದುರೆಗೆ ಬೇಕಾಗುವ ಪ್ರಮಾಣ ಬೆರಗಾಗುವಷ್ಟು ಕಡಿಮೆ: ಕಿಲೋ ತೂಕಕ್ಕೆ ನಿಮಿಷಕ್ಕೆ 1 ಮೈಕ್ರೋಗ್ರಾಂ ಲೆಕ್ಕದಲ್ಲಿ 500 ಕಿಲೋ ಕುದುರೆಗೆ ಗಂಟೆಗೆ 30 ಮಿಲಿಗ್ರಾಂ. ಮನುಷ್ಯರಿಗೆಂದು ಸಿಗುವ 250 ಮಿಲಿಗ್ರಾಮಿನ ಒಂದು ವಯಲ್ ಎಂಟು ಗಂಟೆ ಬರುತ್ತದೆ. ಮೊದಲು ಅನಿಲದ ಪ್ರಮಾಣ ತಗ್ಗಿಸಿ ನೋಡುವುದು, ಜೊತೆಗೆ ಕೀಟಮೀನ್ ಅಥವಾ ಲಿಡೋಕೇನ್‌ನಂಥ ನೋವು ತಗ್ಗಿಸುವ ಔಷಧವನ್ನು ಸಣ್ಣದಾಗಿ ಹರಿಸಿ ಅನಿಲದ ಅಗತ್ಯವನ್ನೇ ಕಡಿಮೆ ಮಾಡುವುದು, ಆಮೇಲೆ ಡೋಬ್ಯುಟಮಿನ್: ಅನುಭವಿ ಅರಿವಳಿಕೆ ತಜ್ಞರ ದಾರಿ ಸಾಮಾನ್ಯವಾಗಿ ಇದು. ಹುಷಾರಾಗಿರಬೇಕಾದ ಔಷಧ ನಿಜ. ಹೆಚ್ಚಾದರೆ ಬಡಿತ ಓಡುತ್ತದೆ, ಲಯ ತಪ್ಪುತ್ತದೆ. ಇಸಿಜಿ ಮತ್ತು ಅಪಧಮನಿಯೊಳಗಿಂದಲೇ ಒತ್ತಡ ಅಳೆಯುವ ವ್ಯವಸ್ಥೆ ಇಲ್ಲದೆ ಕೊಡುವಂಥದ್ದಲ್ಲ. ಬಹುಶಃ ಅದಕ್ಕೇ ಡ್ರಿಪ್ ಇನ್ನೊಂದಿಷ್ಟು ಜೋರು ಮಾಡುವುದು ಸುಲಭ ಅನ್ನಿಸುತ್ತದೆ. ಬಾಟಲಿ ಹನಿಯುತ್ತಿದ್ದರೆ ಏನೋ ಮಾಡುತ್ತಿದ್ದೇವೆ ಎಂಬ ಸಮಾಧಾನ ವೈದ್ಯರಿಗೂ ಇರುತ್ತದೆ, ನೋಡುತ್ತ ನಿಂತ ಮಾಲೀಕರಿಗೂ ಇರುತ್ತದೆ. ಜ್ವರ ಬಂದರೂ ಸುಸ್ತಾದರೂ ‘ಒಂದು ಗ್ಲೂಕೋಸ್ ಹಾಕಿಸಿ’ ಎನ್ನುವ ನಾಡಿನಲ್ಲಿ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಹಾಗಾದರೆ ಕಿಲೋ ತೂಕಕ್ಕೆ ಗಂಟೆಗೆ 10 ಮಿಲಿಲೀಟರ್ ಎಂಬ ಲೆಕ್ಕ ಎಲ್ಲಿಂದ ಬಂತು? ಅದರ ಬೇರು ಕುದುರೆಯಲ್ಲಂತೂ ಇಲ್ಲ. 1961ರಲ್ಲಿ ಅಮೆರಿಕದ ಶಸ್ತ್ರವೈದ್ಯ ಟಾಮ್ ಶೈರ್ಸ್ ಮತ್ತು ಸಂಗಡಿಗರು, ದೊಡ್ಡ ಆಪರೇಷನ್ ಆದಾಗ ಮನುಷ್ಯರ ದೇಹದ್ರವದ ಒಂದು ಪಾಲು ಯಾವುದೋ ಮೂರನೇ ಜಾಗಕ್ಕೆ ಸರಿದು ಕೈಗೆಟುಕದಂತಾಗುತ್ತದೆ ಎಂದು ವಾದಿಸಿದರು. ಹೋದದ್ದನ್ನು ತುಂಬಿಕೊಡಬೇಕಲ್ಲ ಎಂದು ಉದಾರವಾಗಿ ದ್ರವ ಕೊಡುವ ಪದ್ಧತಿ ಬೆಳೆಯಿತು. ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳಿಗೆ ಹೀಗೆ ಲೀಟರುಗಟ್ಟಲೆ ಸುರಿದಾಗ ಶ್ವಾಸಕೋಶ ಕೆಟ್ಟ ಪ್ರಕರಣಗಳಿಗೆ ‘ಡಾ ನಾಂಗ್ ಲಂಗ್’ ಎಂಬ ಹೆಸರೇ ಬಿತ್ತು. ಆ ಮೂರನೇ ಜಾಗ ಎಲ್ಲಿದೆಯೆಂದು ಆಮೇಲೆ ಹುಡುಕಿದವರಿಗೆ ಅದು ಸಿಗಲಿಲ್ಲ. ಅಷ್ಟರಲ್ಲಿ ಸಂಖ್ಯೆ ಮಾತ್ರ ಪಶುವೈದ್ಯಕ್ಕೂ ದಾಟಿ ಪಾಠವಾಗಿ ಕೂತಿತ್ತು. 2013ರಲ್ಲಿ ಅಮೆರಿಕದ ಪಶು ಆಸ್ಪತ್ರೆಗಳ ಸಂಘದ ಮಾರ್ಗಸೂಚಿ ಇದಕ್ಕೆ ಆಧಾರವಿಲ್ಲವೆಂದು ಹೇಳಿ, ಕಿಲೋ ತೂಕಕ್ಕೆ ಗಂಟೆಗೆ ನಾಯಿಗೆ 5, ಬೆಕ್ಕಿಗೆ 3 ಮಿಲಿಲೀಟರಿನಿಂದ ಶುರು ಮಾಡಿ ಎಂದಿತು. ಕುದುರೆ ವೈದ್ಯರಲ್ಲೂ 5ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದವರು ಹೆಚ್ಚುತ್ತಿದ್ದಾರೆ. ಹತ್ತರಲ್ಲೇ ಉಳಿದವರೂ ಕಡಿಮೆಯಿಲ್ಲ.

ಹೆಚ್ಚು ಕೊಟ್ಟರೆ ಮೂತ್ರವಾಗಿ ಹೋಗುತ್ತದೆ, ನಷ್ಟವೇನು ಎಂದು ಕೇಳಬಹುದು. ರಕ್ತನಾಳದೊಳಗೆ ಬಿಟ್ಟ ರಿಂಗರ್ಸ್ ಲ್ಯಾಕ್ಟೇಟ್‌ನಲ್ಲಿ ಗಂಟೆಯೊಳಗೆ ಅಲ್ಲೇ ಉಳಿಯುವುದು ಕಾಲು ಭಾಗದ ಆಸುಪಾಸು. ಮಿಕ್ಕಿದ್ದು ನಾಳದ ಗೋಡೆ ದಾಟಿ ಅಂಗಾಂಶಕ್ಕೆ ಇಳಿಯುತ್ತದೆ. ನಾಳದ ಒಳಮೈಗೆ ಗ್ಲೈಕೊಕ್ಯಾಲಿಕ್ಸ್ ಎಂಬ ಸಕ್ಕರೆ-ಪ್ರೋಟೀನಿನ ನವಿರಾದ ಲೇಪವಿದೆ. ಸೋರಿಕೆಯನ್ನು ತಡೆಹಿಡಿಯುವುದರಲ್ಲಿ ಅದರ ಪಾತ್ರ ಎಷ್ಟು ದೊಡ್ಡದೆಂಬುದು ಕಳೆದ ಎರಡು ದಶಕಗಳಲ್ಲಿ ಅರ್ಥವಾಗಿದೆ. ಗಬಗಬನೆ ದ್ರವ ತುಂಬಿದರೆ, ಉರಿಯೂತವಿದ್ದರೆ, ಆ ಲೇಪವೇ ಸವೆಯುತ್ತದೆ. ರಕ್ತದ ಪ್ರೋಟೀನು ತೆಳುವಾಗಿ ನೀರನ್ನು ಒಳಗೆ ಹಿಡಿದಿಡುವ ಶಕ್ತಿ ಕುಗ್ಗುತ್ತದೆ. ಹಾಗೆ ಸೋರಿದ ನೀರು ಶ್ವಾಸಕೋಶಕ್ಕೆ ಹೋಗುತ್ತದೆ, ಕರುಳಿನ ಗೋಡೆಗೆ ಹೋಗುತ್ತದೆ, ಮೊದಲೇ ಒತ್ತಿಹೋಗಿರುವ ಸ್ನಾಯುವಿಗೂ ಹೋಗುತ್ತದೆ. ಯಾವ ಸ್ನಾಯುವನ್ನು ಉಳಿಸಲು ನೀರು ಕೊಟ್ಟೆವೋ ಅದೇ ಸ್ನಾಯು ನೀರು ಕುಡಿದು ಬಿಗಿಯಾಗುತ್ತದೆ.

ಮೂಗಿನ ವಿಷಯ ಕುದುರೆಗೇ ವಿಶಿಷ್ಟ. ಕುದುರೆ ಬಾಯಿಂದ ಉಸಿರಾಡಲಾರದು. ಬೆನ್ನ ಮೇಲೆ ಮಲಗಿ ತಲೆ ಕೆಳಗಾದಾಗ ಮೂಗಿನ ಒಳಪದರ ಊದಿಕೊಳ್ಳುತ್ತದೆ. ಡ್ರಿಪ್ ಹೆಚ್ಚಾದಷ್ಟೂ, ಹೊತ್ತು ಹೆಚ್ಚಾದಷ್ಟೂ ಊತವೂ ಹೆಚ್ಚು. ಆಪರೇಷನ್ ಮುಗಿದು ಗಂಟಲಿನ ಟ್ಯೂಬ್ ತೆಗೆದ ಕೂಡಲೇ ಅದೇ ಮೂಗು ಕಟ್ಟಿಹೋದರೆ ಕುದುರೆ ಉಸಿರುಕಟ್ಟಿ ಗಾಬರಿಬೀಳುತ್ತದೆ. ಮೂಗಿಗೆ ಫಿನೈಲ್‌ಎಫ್ರಿನ್ ಸ್ಪ್ರೇ ಮಾಡುವುದು, ಮೂಗಿನಲ್ಲೊಂದು ನಳಿಗೆ ಇಟ್ಟೇ ಏಳಿಸುವುದು ಇದಕ್ಕಾಗಿ.

ಮೂತ್ರವೂ ಇಲ್ಲಿ ನಿರುಪದ್ರವಿಯಲ್ಲ. ಮಂಪರಿಗೆ ಕೊಡುವ ಜೈಲಜಿನ್, ಡೆಟೊಮಿಡಿನ್‌ನಂಥ ಔಷಧಗಳು ರಕ್ತದಲ್ಲಿ ಸಕ್ಕರೆ ಏರಿಸಿ ಮೂತ್ರವನ್ನು ಹೆಚ್ಚಿಸುತ್ತವೆ. ಅದರ ಮೇಲೆ 15 ಲೀಟರ್ ಡ್ರಿಪ್. ಮೂತ್ರಕೋಶ ತುಂಬಿದ ಕುದುರೆ ಅರೆಎಚ್ಚರದಲ್ಲೇ ತಡಬಡಿಸಿ ಏಳಲು ನೋಡುತ್ತದೆ, ಇಲ್ಲವೇ ಏಳುವ ಕೋಣೆಯ ನೆಲದಲ್ಲೇ ಮೂತ್ರ ಸುರಿದು ಜಾರುತ್ತದೆ. ಮೂಳೆ ಮುರಿಯುವುದು ಈ ಕೋಣೆಯಲ್ಲೇ ಎಂಬುದು ನೆನಪಿರಲಿ. ಹಾಗಾಗಿ ಉದ್ದದ ಆಪರೇಷನ್ನಿನಲ್ಲಿ ಕ್ಯಾಥೆಟರ್ ಹಾಕಿ ಮೂತ್ರ ತೆಗೆಯುತ್ತಾರೆ.

ಕೊಡಬೇಕೋ ಬೇಡವೋ ಎಂದು ಕುದುರೆಯನ್ನೇ ನೋಡಿ ನಿರ್ಧರಿಸೋಣ ಎಂದರೆ ಅದೂ ಸುಲಭವಲ್ಲ. ಮಲಗಿದ ಕುದುರೆಯ ಲಕ್ಷಣಗಳು ಒಂದೊಂದೂ ದಾರಿ ತಪ್ಪಿಸುತ್ತವೆ. ರಕ್ತದಲ್ಲಿ ಕೆಂಪುಕಣಗಳ ಪಾಲನ್ನು ಹೇಳುವ ಪಿಸಿವಿ ನೋಡೋಣವೆಂದರೆ, ಕುದುರೆಯ ಗುಲ್ಮ ಕೆಂಪುಕಣಗಳ ದೊಡ್ಡ ಉಗ್ರಾಣ. ಹೆದರಿದಾಗ ಅದು ಹಿಂಡಿ ಪಿಸಿವಿ ದಿಢೀರ್ ಏರುತ್ತದೆ, ಎಸಿಪ್ರೊಮಝಿನ್ ಎಂಬ ಮಂಪರಿನ ಔಷಧ ಕೊಟ್ಟರೆ ಸಡಿಲಗೊಂಡು ಇಳಿಯುತ್ತದೆ. ನೀರಿಗೂ ಅದಕ್ಕೂ ಸಂಬಂಧವಿಲ್ಲ. ಮೂತ್ರ ಧಾರಾಳವಾಗಿದೆಯೆಂದರೆ ಅದು ಜೈಲಜಿನ್‌ನ ಕರಾಮತ್ತು. ಹೃದಯಬಡಿತ ಏರಿಲ್ಲ ಎನ್ನೋಣವೆಂದರೆ, ಅರಿವಳಿಕೆಯಲ್ಲಿರುವ ಕುದುರೆ ಸಾಕಷ್ಟು ರಕ್ತ ಕಳೆದುಕೊಂಡರೂ ಬಡಿತ ಏರಿಸದೆ ಇರಬಹುದು. ಲ್ಯಾಕ್ಟೇಟ್ ಸ್ವಲ್ಪ ಪ್ರಾಮಾಣಿಕ ಸಾಕ್ಷಿ: ಆರೋಗ್ಯವಂತ ಕುದುರೆಯ ರಕ್ತದಲ್ಲಿ ಲೀಟರಿಗೆ 2 ಮಿಲಿಮೋಲ್‌ಗಿಂತ ಕಡಿಮೆ ಇರಬೇಕು, ಏರುತ್ತಲೇ ಹೋದರೆ ಎಲ್ಲೋ ಅಂಗಾಂಶ ಉಸಿರುಗಟ್ಟುತ್ತಿದೆ. ವೆಂಟಿಲೇಟರಿನ ಪ್ರತಿ ಉಸಿರಿಗೂ ಅಪಧಮನಿಯ ಒತ್ತಡದ ಅಲೆ ಎಷ್ಟು ಏರಿಳಿಯುತ್ತದೆ ಎಂದು ಅಳೆಯುವ ವಿಧಾನವೂ ಬಂದಿದೆ. ಏರಿಳಿತ ದೊಡ್ಡದಿದ್ದರೆ ದ್ರವ ಕೊಟ್ಟರೆ ಪ್ರಯೋಜನವಾದೀತೆಂದು ಅರ್ಥ. ಕುದುರೆಯ ನಿಧಾನ ಬಡಿತ, ಎದೆಯ ಮೇಲೆ ಒತ್ತುವ ಕರುಳು ಇವೆಲ್ಲ ಅದರ ನಂಬಿಕೆಯನ್ನು ಅಲ್ಲಾಡಿಸುತ್ತವೆ ಎಂಬ ತಕರಾರಿನೊಂದಿಗೇ ಅದನ್ನು ಬಳಸಬೇಕು.

ಇಷ್ಟೆಲ್ಲ ಓದಿ ಡ್ರಿಪ್ ನಿಲ್ಲಿಸಿಬಿಡೋಣ ಎನ್ನುವವರಿಗೂ ಒಂದು ಎಚ್ಚರಿಕೆ ಇದೆ. ಹೊಟ್ಟೆಯ ದೊಡ್ಡ ಆಪರೇಷನ್ನಿಗೆ ಒಳಗಾದ ಸುಮಾರು 3,000 ಮನುಷ್ಯರ ಮೇಲೆ ನಡೆದ ರಿಲೀಫ್ ಎಂಬ ಪ್ರಯೋಗದ ಫಲಿತಾಂಶ 2018ರಲ್ಲಿ ಬಂದಾಗ, ಬಿಗಿಹಿಡಿದು ದ್ರವ ಕೊಟ್ಟವರಲ್ಲಿ ಶೇ 8.6 ಮಂದಿಗೆ ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು, ಧಾರಾಳವಾಗಿ ಕೊಟ್ಟವರಲ್ಲಿ ಶೇ 5. ಕಡಿಮೆ ಮಾಡುವುದೇ ಜಾಣತನ ಎಂದು ಹೊರಟವರಿಗೆ ಅದು ಬ್ರೇಕು ಹಾಕಿತು. ಕುದುರೆಗಳಲ್ಲಿ ಅಷ್ಟು ದೊಡ್ಡ ಪ್ರಯೋಗ ಇಲ್ಲ. ಮನುಷ್ಯರ ಫಲಿತಾಂಶವನ್ನು ಹಾಗೇ ಎತ್ತಿಟ್ಟರೆ ಶೈರ್ಸ್ ಲೆಕ್ಕವನ್ನು ತಂದವರು ಮಾಡಿದ ಕೆಲಸವನ್ನೇ ನಾವೂ ಮಾಡಿದಂತಾಗುತ್ತದೆ. ಕಿಲೋ ತೂಕಕ್ಕೆ ಗಂಟೆಗೆ 3ರಿಂದ 5 ಮಿಲಿಲೀಟರಿನ ನಡುವೆ ಹರಿಸುತ್ತ, ಒತ್ತಡವನ್ನು ಔಷಧದಿಂದ ಹಿಡಿದಿಡುವುದು ಸದ್ಯಕ್ಕೆ ನನಗೆ ಸರಿಕಾಣುವ ನಡುದಾರಿ. ರಕ್ತನಾಳಕ್ಕೆ ತೂರಿಸಿದ ನಳಿಗೆ, ಅಂದರೆ ಕ್ಯಾನುಲಾ, ಕಟ್ಟಿಕೊಳ್ಳದೆ ತೆರೆದಿರುವುದಕ್ಕೂ ತುರ್ತಿಗೆ ದಾರಿ ಸಿದ್ಧವಿರುವುದಕ್ಕೂ ಅಷ್ಟು ಹರಿವು ಸಾಕು.

ಈಗ ಹೊಟ್ಟೆಶೂಲೆಯ ಕುದುರೆ. ಕುದುರೆಯವರು ಕಾಲಿಕ್ ಎನ್ನುವುದು ಇದನ್ನೇ. ಅನಿಲ ತುಂಬಿ ಒಂದೆರಡು ಗಂಟೆ ಒದ್ದಾಡಿ ಸರಿಹೋಗುವುದೂ ಕಾಲಿಕ್, ದೊಡ್ಡ ಕರುಳು ತನ್ನ ಸುತ್ತಲೇ ತಿರುಚಿಕೊಂಡು ರಕ್ತ ಕಡಿದುಹೋಗುವುದೂ ಕಾಲಿಕ್. ಎರಡನೆಯದಕ್ಕೆ ಆಪರೇಷನ್ ಮೇಜಲ್ಲದೆ ಬೇರೆ ದಾರಿ ಇಲ್ಲ.

ಕುದುರೆಯ ಜೀರ್ಣಾಂಗಕ್ಕೆ ದಿನಕ್ಕೆ ಸುಮಾರು 100 ಲೀಟರ್ ರಸ ಸುರಿದು, ಮುಂದೆ ದೊಡ್ಡ ಕರುಳಿನಲ್ಲಿ ಅದರಲ್ಲಿ ಹೆಚ್ಚಿನದು ಮತ್ತೆ ರಕ್ತಕ್ಕೆ ಹೀರಿಕೊಳ್ಳುತ್ತದೆ. ನಡುವೆ ಎಲ್ಲೋ ದಾರಿ ಕಟ್ಟಿದರೆ ಸುರಿಯುವುದು ನಿಲ್ಲುವುದಿಲ್ಲ, ಮರಳುವುದು ನಿಲ್ಲುತ್ತದೆ. ಸಣ್ಣ ಕರುಳು ಕಟ್ಟಿದಾಗ ರಸ ಹಿಂದಕ್ಕೆ ಜಠರಕ್ಕೆ ಬಂದು ತುಂಬುತ್ತದೆ; ಕುದುರೆಗೆ ವಾಂತಿ ಮಾಡಲಾಗದು, ಮೂಗಿನಿಂದ ಟ್ಯೂಬ್ ಇಳಿಸಿ ತೆಗೆಯದಿದ್ದರೆ ಜಠರವೇ ಒಡೆಯಬಹುದು. ಜೊತೆಗೆ ಸಾಯುತ್ತಿರುವ ಕರುಳಿನ ಗೋಡೆಯಿಂದ ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್ ಎಂಬ ವಿಷ ರಕ್ತಕ್ಕೆ ಸೋರಿ ನಾಳಗಳೆಲ್ಲ ಸಡಿಲವೂ ಸೋರುವಂಥವೂ ಆಗುತ್ತವೆ. ಒಸಡು ಇಟ್ಟಿಗೆಗೆಂಪಿಗೋ ನೇರಳೆಗೋ ತಿರುಗಿ, ಎಚ್ಚರದಲ್ಲಿದ್ದಾಗ 40ರ ಒಳಗಿರಬೇಕಾದ ಬಡಿತ 80 ದಾಟಿ, ಪಿಸಿವಿ 50 ಮೀರಿದ ಕುದುರೆ ಬಂದರೆ ನಿಜವಾದ ಬರಗಾಲ ಎದುರಿಗಿದೆ ಎಂದರ್ಥ. ಶೇ 10ರಷ್ಟು ನಿರ್ಜಲೀಕರಣ ಎಂದು ಅಂದಾಜಿಸಿದರೆ ಕೊರತೆ 50 ಲೀಟರ್. ಅರ್ಧ ಲೀಟರಿನ ಬಾಟಲಿಯಲ್ಲಿ ನೂರು.

ಇಂಥ ಕುದುರೆಯನ್ನು ಒಣಗಿದ ಸ್ಥಿತಿಯಲ್ಲೇ ಮಲಗಿಸಿದರೆ ಅನಿಲದ ಮೊದಲ ಹತ್ತು ನಿಮಿಷದಲ್ಲಿ ಅದು ಕೈಬಿಟ್ಟು ಹೋಗಬಹುದು. 50 ಲೀಟರ್ ಪೂರ್ತಿ ತುಂಬುವವರೆಗೆ ಕಾದರೆ ತಿರುಚಿದ ಕರುಳು ಸತ್ತುಹೋಗುತ್ತದೆ. ಈ ಇಕ್ಕಟ್ಟಿನಲ್ಲಿ ಉಪಯೋಗಕ್ಕೆ ಬರುವುದು ಶೇ 7.2ರ ಗಟ್ಟಿ ಉಪ್ಪುದ್ರಾವಣ. ಕಿಲೋಗೆ 4 ಮಿಲಿಲೀಟರಿನಂತೆ ಎರಡು ಲೀಟರ್, ಹತ್ತು-ಹದಿನೈದು ನಿಮಿಷದಲ್ಲಿ. ಅದು ಜೀವಕೋಶಗಳಿಂದ ನೀರೆಳೆದು ರಕ್ತಕ್ಕೆ ತರುವುದರಿಂದ ಎರಡು ಲೀಟರ್ ಕೊಟ್ಟರೂ ರಕ್ತದ ಪ್ರಮಾಣ ಅದರ ಹಲವು ಪಟ್ಟು ಹಿಗ್ಗುತ್ತದೆ. ಇದು ಸಾಲ ತೆಗೆದ ನೀರು. ಪರಿಣಾಮ ಒಂದು ಗಂಟೆಯೊಳಗೆ ಇಳಿಯುತ್ತದೆ. ಅಷ್ಟರಲ್ಲಿ ಸಾಮಾನ್ಯ ದ್ರಾವಣ ಹತ್ತಾರು ಲೀಟರ್ ಹಿಂದೆಯೇ ಹೋಗಬೇಕು. ಹಾಗೆ ಹೋಗಬೇಕಾದರೆ ಕ್ಯಾನುಲಾ ದಪ್ಪದ್ದಿರಬೇಕು. ಹರಿವು ನಳಿಗೆಯ ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುವುದರಿಂದ, ತ್ರಿಜ್ಯ ಇಮ್ಮಡಿಯಾದರೆ ಲೆಕ್ಕದ ಪ್ರಕಾರ ಹರಿವು 16 ಪಟ್ಟು. ಕುತ್ತಿಗೆಯ ರಕ್ತನಾಳಕ್ಕೆ 14 ಗೇಜಿನ ಬದಲು 10 ಅಥವಾ 12 ಗೇಜಿನದು (ಗೇಜಿನ ಸಂಖ್ಯೆ ಇಳಿದಷ್ಟೂ ನಳಿಗೆ ದಪ್ಪ) ಹಾಕುವುದು, ಎರಡೂ ಬದಿಗೆ ಒಂದೊಂದು ಹಾಕುವುದು, ಬಾಟಲಿಯನ್ನು ಸಾಧ್ಯವಾದಷ್ಟು ಎತ್ತರಕ್ಕೆ ತೂಗುಹಾಕುವುದು ಇಂಥ ಸಾಮಾನ್ಯ ಕೆಲಸಗಳೇ ಇಲ್ಲಿ ಜೀವ ಉಳಿಸುತ್ತವೆ.

ಆದರೆ ಈ ಕುದುರೆಗೂ ಒಂದು ಮಿತಿ ಬರುತ್ತದೆ. ಸೋರುವ ನಾಳಗಳಿಗೆ ನೀರು ತುಂಬುತ್ತಲೇ ಹೋದರೆ ಪ್ರೋಟೀನು ತೆಳುವಾಗಿ, ಈಗಷ್ಟೇ ಹೊಲಿದು ಜೋಡಿಸಿದ ಕರುಳು ಊದಿಕೊಂಡು ಚಲನೆ ನಿಲ್ಲಿಸುತ್ತದೆ. ಹಿಂದೆ ಇಲ್ಲಿ ಹೆಟಾಸ್ಟಾರ್ಚ್‌ನಂಥ ಪಿಷ್ಟದ ದ್ರಾವಣಗಳನ್ನು ಸಲೀಸಾಗಿ ಬಳಸುತ್ತಿದ್ದರು. ಮನುಷ್ಯರಲ್ಲಿ ಅವು ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆಂದು 2012ರ ದೊಡ್ಡ ಪ್ರಯೋಗಗಳು ತೋರಿಸಿದವು, 2022ರಲ್ಲಿ ಯುರೋಪ್ ಅವುಗಳ ಮಾರಾಟದ ಅನುಮತಿಯನ್ನೇ ಅಮಾನತಿನಲ್ಲಿಟ್ಟಿತು. ಕುದುರೆಗಳಲ್ಲಿ ಅದೇ ಹಾನಿ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ, ರಕ್ತ ಹೆಪ್ಪುಗಟ್ಟುವುದನ್ನು ಮಾತ್ರ ಅವು ಕುಂಠಿಸುತ್ತವೆ. ಸಿಕ್ಕರೆ ದಾನಿ ಕುದುರೆಯ ಪ್ಲಾಸ್ಮಾ ಒಳ್ಳೆಯದು. ಹೊಟ್ಟೆಶೂಲೆಯ ಕುದುರೆಗಳಲ್ಲಿ ಕ್ಯಾಲ್ಸಿಯಂ ಕೂಡ ಇಳಿದಿರುತ್ತದೆ. ನಮ್ಮ ಹೈನುಗಾರರೆಲ್ಲ ಹಾಲುಜ್ವರಕ್ಕೆ ಹಾಕಿಸಿ ಬಲ್ಲ ಕ್ಯಾಲ್ಸಿಯಂ ಬೊರೊಗ್ಲುಕೋನೇಟ್ ಬಾಟಲಿಯೇ ಇಲ್ಲೂ ನಿಧಾನವಾಗಿ ಹರಿದು ಹೃದಯಕ್ಕೆ ಬಲ ಕೊಡುತ್ತದೆ.

ಯಾವ ದ್ರಾವಣ ಎಂಬುದಕ್ಕೆ ಹೆಚ್ಚು ತಲೆನೋವಿಲ್ಲ. ಸಾಮಾನ್ಯ ಸಲೈನಿನಲ್ಲಿ ಕ್ಲೋರೈಡು ಲೀಟರಿಗೆ 154 ಮಿಲಿಮೋಲ್, ಕುದುರೆಯ ರಕ್ತದಲ್ಲಿ ಇರುವುದು ಸುಮಾರು 100; ಹತ್ತಾರು ಲೀಟರ್ ಹೋದರೆ ರಕ್ತ ಆಮ್ಲೀಯವಾಗುತ್ತದೆ. ರಿಂಗರ್ಸ್ ಲ್ಯಾಕ್ಟೇಟ್ ಹತ್ತಿರದ ಹೊಂದಾಣಿಕೆ. ಮೂತ್ರಕೋಶ ಒಡೆದ ಎಳೆಮರಿಯ ರಕ್ತದಲ್ಲಿ ಮಾತ್ರ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಿರುತ್ತದೆ. ಅದಕ್ಕೆ ಪೊಟ್ಯಾಸಿಯಂ ಇಲ್ಲದ ಸಲೈನೇ ಬೇಕು, ಜೊತೆಗೆ ಡೆಕ್ಸ್‌ಟ್ರೋಸ್ ಬೇಕು, ಮಲಗಿಸುವ ಮುಂಚೆ ಹೊಟ್ಟೆಯಲ್ಲಿ ನಿಂತ ಮೂತ್ರವನ್ನು ಬಸಿಯಬೇಕು. ದೊಡ್ಡ ಕುದುರೆಗೆ ಗ್ಲೂಕೋಸಿನ ಅಗತ್ಯ ಸಾಮಾನ್ಯವಾಗಿ ಇಲ್ಲ. ಮಂಪರಿನ ಔಷಧವೇ ಸಕ್ಕರೆ ಏರಿಸಿರುತ್ತದೆ.

ಕರ್ನಾಟಕದಲ್ಲಿ ಕುದುರೆ ಎಂದರೆ ಕುಣಿಗಲ್ ಸ್ಟಡ್ ಫಾರಂ, ಬೆಂಗಳೂರು-ಮೈಸೂರುಗಳ ರೇಸ್‌ಕೋರ್ಸು, ದಸರಾ ಮೆರವಣಿಗೆಯ ಅಶ್ವಾರೋಹಿ ಪೊಲೀಸರು ನೆನಪಾಗುತ್ತಾರೆ. ಇವುಗಳಾಚೆ ಮದುವೆ ಮೆರವಣಿಗೆಯ ಕುದುರೆ, ಜಟಕಾ ಕುದುರೆಗಳೂ ಇವೆ. ಅನಿಲದ ಯಂತ್ರ, ಕುದುರೆ ಗಾತ್ರದ ವೆಂಟಿಲೇಟರ್, ಎತ್ತಿ ಮಲಗಿಸುವ ಕ್ರೇನು ಎಲ್ಲ ತಾಲ್ಲೂಕಿನಲ್ಲೂ ಸಿಗುವಂಥವಲ್ಲ. ಹುಲ್ಲಿನ ಮೈದಾನದಲ್ಲಿ ಜೈಲಜಿನ್ ಮತ್ತು ಕೀಟಮೀನ್ ಕೊಟ್ಟು ಇಪ್ಪತ್ತು ನಿಮಿಷದಲ್ಲಿ ಬೀಜ ತೆಗೆದು ಮುಗಿಸುವ ಕೆಲಸಕ್ಕೆ ಡ್ರಿಪ್ಪಿನ ಅಗತ್ಯವೇ ಬರುವುದಿಲ್ಲ. ರಕ್ತನಾಳಕ್ಕೊಂದು ಕ್ಯಾನುಲಾ ಇದ್ದರೆ ಸಾಕು. ಹೊತ್ತು ಎಳೆಯಬೇಕಾದಾಗ ಸ್ನಾಯು ಸಡಿಲಿಸುವ ಗ್ವಾಯಿಫೆನೆಸಿನ್ ಸೇರಿಸಿದ ಮೂರು ಔಷಧಗಳ ಮಿಶ್ರಣ ಹರಿಸುವವರಿದ್ದಾರೆ. ಅದು ತಾನೇ ಲೀಟರುಗಟ್ಟಲೆ ಹೋಗುವ ದ್ರವ, ಅದರ ಜೊತೆಗೆ ಇನ್ನೊಂದು ಬಾಟಲಿ ತೂಗುಹಾಕುವ ಮುಂಚೆ ಕೂಡಿಸಿ ನೋಡಬೇಕು. ಕರುಳು ಕೆಲಸ ಮಾಡುತ್ತಿದ್ದರೆ, ಜಠರದಿಂದ ರಸ ಹಿಮ್ಮರಳದಿದ್ದರೆ, ಕುದುರೆ ಎದ್ದ ಮೇಲೆ ಟ್ಯೂಬಿನಿಂದ ಹೊಟ್ಟೆಗೇ ಆರು ಲೀಟರಿನಷ್ಟು ಉಪ್ಪು ಬೆರೆಸಿದ ನೀರು ಬಿಡಬಹುದು, ಕೆಲವು ಗಂಟೆ ಬಿಟ್ಟು ಮತ್ತೆ ಬಿಡಬಹುದು. ಬಾಟಲಿ ಸಿಗದ ಊರಿಗೂ, ಸಿಕ್ಕ ಬಾಟಲಿಯ ಮೇಲೆ ನಂಬಿಕೆ ಇಲ್ಲದ ಕಾಲಕ್ಕೂ ಇದು ಒಗ್ಗುತ್ತದೆ.

ಒತ್ತಡ ಅಳೆಯಲು ದುಬಾರಿ ಮಾನಿಟರ್ ಇಲ್ಲ ಎಂಬುದೂ ಪೂರ್ತಿ ನೆಪವಾಗಲಾರದು. ದವಡೆಯ ಅಂಚಿನಲ್ಲಿ ಬೆರಳಿಗೆ ಸಿಗುವ ಮುಖದ ಅಪಧಮನಿಗೆ 20 ಅಥವಾ 22 ಗೇಜಿನ ಸಣ್ಣ ಕ್ಯಾನುಲಾ ಹಾಕಿ, ಹೆಪಾರಿನ್ ಬೆರೆಸಿದ ಸಲೈನ್ ತುಂಬಿದ ನಳಿಗೆಯಿಂದ ವೈದ್ಯರ ಬಿಪಿ ಯಂತ್ರದ ದುಂಡು ಮೀಟರಿಗೆ ಜೋಡಿಸಬಹುದು. ಮೀಟರಿನೊಳಗೆ ದ್ರವ ಹೋಗದಂತೆ ನಡುವೆ ಸ್ವಲ್ಪ ಗಾಳಿ ಇರಬೇಕು, ಸಲೈನಿನ ಮಟ್ಟ ಹೃದಯದ ಎತ್ತರದಲ್ಲಿರಬೇಕು. ಮೇಲಿನ-ಕೆಳಗಿನ ಒತ್ತಡ ಬೇರೆಬೇರೆಯಾಗಿ ಇದರಲ್ಲಿ ಕಾಣುವುದಿಲ್ಲ, ಮುಳ್ಳು ಸರಾಸರಿಯ ಸುತ್ತ ಸಣ್ಣದಾಗಿ ಅದುರುತ್ತಿರುತ್ತದೆ. ಕೆಳಗೆ ಒತ್ತಿಹೋಗಿರುವ ಭುಜದ ಸ್ನಾಯುವಿಗೆ ಬೇಕಾದದ್ದೂ ಆ ಸರಾಸರಿಯೇ.